ಲ್ಯಾಪ್ ನಿಮ್ಮದು, ಡೇಟಾ ಯಾರದು?

ಕಳೆದ ತಿಂಗಳು ಕಾಲೇಜಿನ ಜೂನಿಯರ್ ಒಬ್ಬ ವಾಟ್ಸಾಪ್‌ನಲ್ಲಿ ನಾಲ್ಕು ಲಿಂಕ್ ಕಳಿಸಿ, "ಅಣ್ಣಾ, ಇದರಲ್ಲಿ ಯಾವುದು ತಗೊಳ್ಳಲಿ?" ಅಂತ ಕೇಳಿದ. ನಾಲ್ಕೂ ಡೇಟಾ ಲಾಗರ್‌ಗಳು. ಅಂದರೆ ಕಾರು ಟ್ರ್ಯಾಕ್‌ನಲ್ಲಿ ಎಲ್ಲಿತ್ತು, ಎಷ್ಟು ವೇಗದಲ್ಲಿತ್ತು, ಎಂಜಿನ್ ಏನು ಮಾಡ್ತಿತ್ತು ಅನ್ನೋದನ್ನ ಕ್ಷಣಕ್ಷಣಕ್ಕೂ ಬರೆದಿಟ್ಟುಕೊಳ್ಳುವ ಪುಟ್ಟ ಡಬ್ಬಿಗಳು. ಅವನೂ ಅವನ ಮೂವರು ಗೆಳೆಯರೂ ಸೇರಿ 2015ರ ಒಂದು ಸ್ವಿಫ್ಟ್ ಕೊಂಡಿದ್ದಾರೆ. ವಾರವಿಡೀ ವೈಟ್‌ಫೀಲ್ಡ್‌ನಲ್ಲಿ ಕೋಡ್ ಬರೆಯೋದು, ಎರಡು ಮೂರು ತಿಂಗಳಿಗೊಮ್ಮೆ ಆ ಕಾರು ತಗೊಂಡು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಹೋಗೋದು. ಬೆಂಗಳೂರಿನ ಹವ್ಯಾಸಿಗಳ ಪಾಡೇ ಅದು. ಒಂದೋ ಕೊಯಮತ್ತೂರು, ಇಲ್ಲಾ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ. ಅಂದಹಾಗೆ ಕರಿ ಅಂದರೆ ಎಸ್. ಕರಿವರ್ಧನ್. ಮಾರುತಿ 800ರ ಎಂಜಿನ್ ಹಾಕಿ, ಕಡಿಮೆ ದುಡ್ಡಿನ ರೇಸ್ ಕಾರು ಕಟ್ಟಿ, ಈ ಆಟವನ್ನ ಶ್ರೀಮಂತರಲ್ಲದವರಿಗೂ ಸ್ವಲ್ಪ ಹತ್ತಿರ ತಂದ ಮನುಷ್ಯ.

ಜೂನಿಯರ್ ಬಜೆಟ್ 40 ಸಾವಿರ. ನಾಲ್ಕು ಜನರ ನಡುವೆ ತಲಾ ಹತ್ತು.

ನಾನು ಉತ್ತರ ಕೊಡೋಕೆ ಎರಡು ದಿನ ತಗೊಂಡೆ. ಯಾಕಂದ್ರೆ ಇದೇ ಆಯ್ಕೆಯಲ್ಲಿ ನಾವು ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ. ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ ನಮ್ಮ ಕಾಲೇಜು ತಂಡ ಫಾರ್ಮುಲಾ ಮಾದರಿಯ ಕಾರು ಕಟ್ಟಿತ್ತು. ಚಂದಾ ಎತ್ತಿ, ಸೆಕೆಂಡ್ ಹ್ಯಾಂಡ್‌ನಲ್ಲಿ ವಿದೇಶಿ ಲಾಗರ್ ಒಂದನ್ನ ತಂದೆವು. ಕಂಪನಿ ಹೆಸರು ಬೇಡ ಬಿಡಿ. ಒಂದು ವರ್ಷ ಪೂರ್ತಿ ಅದರಲ್ಲಿ ದಾಖಲಿಸಿದೆವು. ಆಮೇಲೆ ತಿಳಿದದ್ದು: ನಮಗೆ ಬೇಕಾಗಿದ್ದ ಅರ್ಧ ಚಾನೆಲ್‌ಗಳನ್ನ ನೋಡೋಕೆ ಬೇರೆ ಲೈಸೆನ್ಸ್ ಬೇಕು, ಆ ಲೈಸೆನ್ಸ್ ಮೊದಲ ಮಾಲೀಕನ ಹೆಸರಲ್ಲಿತ್ತು, ಫೈಲ್‌ಗಳು ಆ ಕಂಪನಿಯ ಸಾಫ್ಟ್‌ವೇರ್ ಬಿಟ್ಟು ಬೇರೆಲ್ಲೂ ತೆರೆಯಲ್ಲ. ಸೀನಿಯರ್‌ಗಳು ಪಾಸಾಗಿ ಹೋದರು, ಸಾಫ್ಟ್‌ವೇರ್ ಇದ್ದ ಲ್ಯಾಪ್‌ಟಾಪ್ ಕೆಟ್ಟುಹೋಯ್ತು. ನಮ್ಮದೇ ಕಾರು, ನಮ್ಮದೇ ಡೀಸೆಲ್ ಸುಟ್ಟು ಟೆಂಪೋದಲ್ಲಿ ಹೊತ್ತುಕೊಂಡು ಹೋಗಿ ಓಡಿಸಿದ ಲ್ಯಾಪ್‌ಗಳು. ಮುಂದಿನ ಬ್ಯಾಚ್ ಮತ್ತೆ ಸೊನ್ನೆಯಿಂದ ಶುರು ಮಾಡಿತು.

ಹಾಗಾಗಿ ಜೂನಿಯರ್‌ಗೆ ನಾನು ಮೊದಲು ಕೇಳಿದ್ದು ಬ್ರ್ಯಾಂಡ್ ಬಗ್ಗೆ ಅಲ್ಲ. "ನಿನಗೆ ಈ ಡಬ್ಬಿಯಿಂದ ಯಾವ ಪ್ರಶ್ನೆಗೆ ಉತ್ತರ ಬೇಕು?" ಅಂದೆ. "ನಮ್ಮಲ್ಲೇ ಒಬ್ಬ ಇದ್ದಾನೆ, ಅದೇ ಕಾರು, ಅದೇ ಟೈರು. ನನಗಿಂತ ಒಂದೂವರೆ ಸೆಕೆಂಡ್ ಬೇಗ ಬರ್ತಾನೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ" ಅಂದ. ಇದು ಒಳ್ಳೆಯ ಪ್ರಶ್ನೆ. ಎಂಜಿನ್ ಟ್ಯೂನ್ ಮಾಡುವವನ ಪ್ರಶ್ನೆ ಬೇರೆ, ತಿರುವಿನಲ್ಲಿ ಆಯಿಲ್ ಪ್ರೆಷರ್ ಬಿದ್ದು ಎಂಜಿನ್ ಕಳ್ಕೊಂಡವನ ಪ್ರಶ್ನೆ ಬೇರೆ. ಇವನಿಗೆ ಬೇಕಿರೋದು ಡ್ರೈವರ್ ಡೇಟಾ, ಅದರ ಮುಕ್ಕಾಲು ಪಾಲು ಜಿಪಿಎಸ್‌ನಿಂದಲೇ ಸಿಗುತ್ತೆ.

ಆದರೆ ಎಂಥ ಜಿಪಿಎಸ್? ಫೋನಿನೊಳಗಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ ನಾವು ಎಲ್ಲಿದ್ದೇವೆ ಅಂತ ಹೇಳುತ್ತೆ. ಸ್ವಿಗ್ಗಿ ಹುಡುಗ ಎಲ್ಲಿದ್ದಾನೆ ನೋಡೋಕೆ ಅಷ್ಟು ಸಾಕು. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಹೋಗುತ್ತೆ. ಅದೇ ಕಾರು 100ರಿಂದ 50ಕ್ಕೆ ಜೋರಾಗಿ ಬ್ರೇಕ್ ಹಾಕಿದರೆ, ಒಳ್ಳೆಯ ಟೈರಿದ್ದರೆ, ಎರಡು ಸೆಕೆಂಡಿನೊಳಗೆ, 40 ಮೀಟರಿನೊಳಗೆ ಕೆಲಸ ಮುಗಿಯುತ್ತೆ. ಆ ಇಡೀ ಘಟನೆಗೆ ಫೋನ್ ಕೊಡೋದು ಒಂದೋ ಎರಡೋ ಚುಕ್ಕಿ. ಬ್ರೇಕ್ ಎಲ್ಲಿ ಒತ್ತಿದ, ಎಲ್ಲಿ ಬಿಟ್ಟ ಅಂತ ಎರಡು ಚುಕ್ಕಿಯಿಂದ ಹೇಳೋಕಾಗಲ್ಲ. ಸೆಕೆಂಡಿಗೆ 10 ಸಲ ಅಳೆಯುವ ಹೊರಗಿನ ಜಿಪಿಎಸ್ ಇದ್ದರೆ ಹದಿನೇಳು ಹದಿನೆಂಟು ಚುಕ್ಕಿ. ರೇಸ್‌ಬಾಕ್ಸ್ ಮಿನಿ ಥರದವು 25 ಸಲ ಅಳೆಯುತ್ತವೆ, ಅಂದರೆ ಆ ವೇಗದಲ್ಲಿ ಮೀಟರಿಗೊಂದು ಚುಕ್ಕಿ. ಇದನ್ನ ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿ ರೇಸ್‌ಕ್ರೋನೋ ಅಥವಾ ಹ್ಯಾರೀಸ್ ಲ್ಯಾಪ್‌ಟೈಮರ್ ಥರದ ಆ್ಯಪ್‌ನಲ್ಲಿ ನೋಡಬಹುದು.

ಇಲ್ಲೊಂದು ಎಚ್ಚರಿಕೆ. ಹೊಸಬರು ಲಾಗರ್ ಸಿಕ್ಕ ತಕ್ಷಣ ನೋಡೋದು ನಕ್ಷೆಯ ಮೇಲಿನ ರೇಸಿಂಗ್ ಲೈನ್. "ನೋಡು, ಅವನು ಒಳಗಡೆ ಬಂದಿದ್ದಾನೆ, ನಾನು ಹೊರಗಿದ್ದೀನಿ" ಅಂತ ಜಗಳ. ಕಡಿಮೆ ಬೆಲೆಯ ಜಿಪಿಎಸ್‌ನ ಸ್ಥಾನ ಒಂದೆರಡು ಮೀಟರ್ ಆಚೀಚೆ ಆಗೋದು ಮಾಮೂಲಿ. ಟ್ರ್ಯಾಕ್‌ನ ಅಗಲವೇ ಹೆಚ್ಚೂಕಡಿಮೆ ಹತ್ತು ಮೀಟರ್ ಇರುವಾಗ ಆ ಗೆರೆಯನ್ನ ನಂಬಿ ವಾದ ಮಾಡಬಾರದು. ವೇಗದ ಕಥೆ ಬೇರೆ. ಜಿಪಿಎಸ್ ವೇಗವನ್ನ ಸ್ಥಾನದಿಂದ ಕಳೆದು ಲೆಕ್ಕ ಹಾಕೋದಲ್ಲ, ಉಪಗ್ರಹದ ಸಿಗ್ನಲ್‌ನ ಡಾಪ್ಲರ್ ವ್ಯತ್ಯಾಸದಿಂದ ಅಳೆಯುತ್ತೆ, ಅದು ಬಹಳ ನಿಖರ. ಹಾಗಾಗಿ ದೂರದ ಮೇಲೆ ಬರೆದ ವೇಗದ ಗ್ರಾಫ್ ಒಂದನ್ನೇ ಎರಡು ಲ್ಯಾಪ್‌ಗೆ ಒಂದರ ಮೇಲೊಂದು ಇಟ್ಟು ನೋಡಿದರೆ ಸಾಕು. ಮೊದಲ ವರ್ಷ ಬೇರೇನೂ ಬೇಡ.

(ಈ ಸೌಲಭ್ಯವೂ ಒಂದು ರಾಜಕೀಯ ತೀರ್ಮಾನದಿಂದ ಬಂದದ್ದು. 2000ದ ಮೇ ತನಕ ಅಮೆರಿಕದ ಸೇನೆ ನಾಗರಿಕರ ಜಿಪಿಎಸ್ ಸಿಗ್ನಲ್‌ಗೆ ಬೇಕಂತಲೇ ದೋಷ ಬೆರೆಸ್ತಿತ್ತು. ಕ್ಲಿಂಟನ್ ಸರ್ಕಾರ ಅದನ್ನ ನಿಲ್ಲಿಸಿತು.)

ಇನ್ನು ಕಾರಿನೊಳಗಿನ ಡೇಟಾ. ಸ್ಟೀರಿಂಗ್ ಕೆಳಗೆ 16 ಪಿನ್‌ನ ಒಂದು ಸಾಕೆಟ್ ಇರುತ್ತಲ್ಲ, ಸರ್ವೀಸ್ ಸೆಂಟರ್‌ನವರು ಮೆಷಿನ್ ಚುಚ್ಚೋದು, ಅದೇ ಓಬಿಡಿ-2. ಅದು ಕಂಪನಿಗಳು ದಯೆಯಿಂದ ಕೊಟ್ಟದ್ದಲ್ಲ. ಹೊಗೆ ತಡೆಯುವ ವ್ಯವಸ್ಥೆ ಕೆಟ್ಟರೆ ಯಾರಾದರೂ ಪತ್ತೆ ಮಾಡುವಂತಿರಬೇಕು ಅಂತ ಕ್ಯಾಲಿಫೋರ್ನಿಯಾದ ವಾಯು ಮಾಲಿನ್ಯ ಮಂಡಳಿ ಪಟ್ಟು ಹಿಡಿದಿದ್ದರಿಂದ ಬಂದದ್ದು. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಕಡ್ಡಾಯ, ನಮ್ಮಲ್ಲಿ 2013ರ ಏಪ್ರಿಲ್‌ನಿಂದ. ನಮ್ಮ ಹುಡುಗನ 2015ರ ಸ್ವಿಫ್ಟ್‌ನಲ್ಲಿ ಇದೆ, ಹಳೇ ಎಸ್ಟೀಮ್ ಓಡಿಸುವವರಿಗೆ ಇಲ್ಲ. ಅವರು ಒಂದೊಂದು ಸೆನ್ಸರ್‌ಗೂ ವೈರ್ ಎಳೆಯಬೇಕು.

ಓಬಿಡಿಗೂ ಮಿತಿ ಇದೆ. ಅದು ಪ್ರಶ್ನೆ ಕೇಳಿ ಉತ್ತರ ಪಡೆಯುವ ವ್ಯವಸ್ಥೆ. ಆರ್‌ಪಿಎಂ ಎಷ್ಟು, ಥ್ರಾಟಲ್ ಎಷ್ಟು ಅಂತ ಒಂದೊಂದಾಗಿ ಕೇಳಬೇಕು. ಹೆಚ್ಚು ಕೇಳಿದಷ್ಟೂ ಪ್ರತಿಯೊಂದೂ ನಿಧಾನ. ಅಗ್ಗದ ಬ್ಲೂಟೂತ್ ಅಡಾಪ್ಟರ್ ಹಾಕಿದರೆ ಸೆಕೆಂಡಿಗೆ ಕೆಲವೇ ಸಲ ಉತ್ತರ ಬರುತ್ತೆ. ಬ್ರೇಕ್ ಪ್ರೆಷರ್, ಸ್ಟೀರಿಂಗ್ ಕೋನ, ಆಯಿಲ್ ಪ್ರೆಷರ್ ಅದರ ಸಾಮಾನ್ಯ ಪಟ್ಟಿಯಲ್ಲೇ ಇಲ್ಲ. ರೇಸಿಂಗ್‌ಗೆ ಬೇಕಾದ್ದೇ ಅವು! ಹೊಗೆ ಅಳೆಯೋಕೆ ಮಾಡಿದ ಬಾಗಿಲು ಅದು, ನಾವು ಅದರಲ್ಲಿ ನುಸುಳ್ತಿದ್ದೇವೆ ಅಷ್ಟೇ.

ನಿಜವಾದ ಸಂಪತ್ತು ಇರೋದು ಅದರ ಹಿಂದಿನ ಕ್ಯಾನ್ ಬಸ್‌ನಲ್ಲಿ. ಕಾರಿನ ಮುಖ್ಯ ಕಂಪ್ಯೂಟರ್‌ಗಳು ಜೋಡಿ ತಂತಿಗಳ ಮೇಲೆ ಮಾತಾಡ್ತಿರುತ್ತವೆ, ಯಾರೂ ಕೇಳದೆಯೇ, ಸೆಕೆಂಡಿಗೆ ಹತ್ತಾರು ಸಲ. ಎಬಿಎಸ್ ನಾಲ್ಕೂ ಚಕ್ರದ ವೇಗ ಹೇಳ್ತಿರುತ್ತೆ. ಆದರೆ ಯಾವ ಸಂದೇಶದ ಅರ್ಥ ಏನು ಅನ್ನೋ ನಿಘಂಟು ಕಾರು ಕಂಪನಿ ಹತ್ತಿರ ಮಾತ್ರ. ಹವ್ಯಾಸಿಗಳು ಕೂತು ಒಂದೊಂದನ್ನೇ ಬಿಡಿಸಿ ಹಂಚ್ಕೊಳ್ತಾರೆ. ಅದನ್ನೂ ಈಗ ಮುಚ್ಚುತ್ತಿದ್ದಾರೆ. 2015ರಲ್ಲಿ ಇಬ್ಬರು ಸಂಶೋಧಕರು ಓಡ್ತಿದ್ದ ಜೀಪ್ ಚೆರೋಕಿಯನ್ನ ದೂರದಿಂದಲೇ ಹ್ಯಾಕ್ ಮಾಡಿ ತೋರಿಸಿದರು, ಕಂಪನಿ 14 ಲಕ್ಷ ವಾಹನ ವಾಪಸ್ ಕರೆಸಬೇಕಾಯ್ತು. ಆಮೇಲೆ ಹೊಸ ಕಾರುಗಳಲ್ಲಿ ಸಾಕೆಟ್‌ಗೂ ಬಸ್‌ಗೂ ನಡುವೆ ಕಾವಲು ಗೇಟ್‌ವೇ ಕೂರಿಸೋದು ಶುರುವಾಯ್ತು. ಸುರಕ್ಷತೆಯ ಕಾರಣ ಸುಳ್ಳಲ್ಲ. ಆದರೆ ಬೀಗ ಹಾಕಿದ ಮೇಲೆ ಕೀಲಿ ಮಾಲೀಕನಿಗೆ ಯಾಕೆ ಕೊಡಲ್ಲ?

ಮ್ಯಾಸಚೂಸೆಟ್ಸ್ ರಾಜ್ಯದ ಜನ 2020ರಲ್ಲಿ ಇದೇ ಪ್ರಶ್ನೆಗೆ ಮತ ಹಾಕಿದರು. ಕಾರು ನಿಸ್ತಂತುವಾಗಿ ಕಳಿಸುವ ರಿಪೇರಿ ಡೇಟಾ ಮಾಲೀಕನಿಗೂ ಸಿಗಬೇಕು ಅಂತ ಸುಮಾರು ಶೇ. 75 ಮಂದಿ ಹೌದು ಅಂದರು. ಕಾರು ಕಂಪನಿಗಳ ಒಕ್ಕೂಟ ಕೋರ್ಟಿಗೆ ಹೋಯ್ತು. 2024ರಲ್ಲಿ ಜನರಲ್ ಮೋಟರ್ಸ್ ತನ್ನ ಗ್ರಾಹಕರು ಹೇಗೆ ಓಡಿಸ್ತಾರೆ ಅನ್ನೋ ಡೇಟಾವನ್ನ ದಲ್ಲಾಳಿ ಕಂಪನಿಗಳಿಗೆ ಕೊಟ್ಟಿದ್ದು, ಅಲ್ಲಿಂದ ಅದು ವಿಮಾ ಕಂಪನಿಗಳಿಗೆ ತಲುಪಿದ್ದು ಬಯಲಾಯ್ತು. ಅಂದರೆ ಲಾಗರ್ ಇಲ್ಲದ ಕಾರೇ ಇಲ್ಲ ಈಗ. ನಮ್ಮ ಕಣ್ಣಿಗೆ ಬೀಳಲ್ಲ ಅಷ್ಟೇ. ನಮ್ಮಲ್ಲಿ ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಆದರೆ ಪೋರ್ಟಲ್ ಕಾನೂನಲ್ಲ.

ಕಾರು ಕಂಪನಿಯ ಬೀಗ ನಾಳೆ ಬೆಳಗ್ಗೆ ನಾವು ಒಡೆಯೋಕಾಗಲ್ಲ. ಆದರೆ ಅದರ ಪಕ್ಕದಲ್ಲಿ ನಾವೇ ದುಡ್ಡು ಕೊಟ್ಟು ಕೂರಿಸುವ ಡಬ್ಬಿಗೂ ಅದೇ ಬೀಗ ಯಾಕಿರಬೇಕು? ಇಲ್ಲಿ ಬ್ರ್ಯಾಂಡ್‌ಗಳ ನಡುವೆ ನಿಜವಾದ ವ್ಯತ್ಯಾಸ ಇದೆ, ಜಾಹೀರಾತಿನಲ್ಲಿ ಮಾತ್ರ ಅದು ಕಾಣಲ್ಲ. ಇಂಗ್ಲೆಂಡಿನ ರೇಸ್‌ಲಾಜಿಕ್‌ನ ವಿಬಾಕ್ಸ್ ಫೈಲ್ ಸಾದಾ ಪಠ್ಯ, ನೋಟ್‌ಪ್ಯಾಡ್‌ನಲ್ಲೂ ತೆರೆಯಬಹುದು. ಇಟಲಿಯ ಏಮ್‌ನ ಫೈಲ್ ಅದರದ್ದೇ ರೂಪದ್ದು, ಆದರೆ ಸಾಫ್ಟ್‌ವೇರ್ ಉಚಿತ, ಸಿಎಸ್‌ವಿಗೆ ಬದಲಾಯಿಸಬಹುದು, ವಿಂಡೋಸ್ ಬೇಕು. ಆಟೋಸ್ಪೋರ್ಟ್ ಲ್ಯಾಬ್ಸ್‌ನ ರೇಸ್‌ಕ್ಯಾಪ್ಚರ್‌ನ ಒಳಗಿನ ಪ್ರೋಗ್ರಾಂ ಕೂಡ ಓಪನ್ ಸೋರ್ಸ್. ಆಸ್ಟ್ರೇಲಿಯಾದ ಮೋಟೆಕ್ ವಿಶ್ಲೇಷಣೆಯಲ್ಲಿ ರಾಜ, ಆದರೆ ಅದರ ಪ್ರೊ ಸಾಫ್ಟ್‌ವೇರ್‌ನ ಪೂರ್ತಿ ಸೌಲಭ್ಯ ಬೇಕಾದರೆ ಲಾಗರ್‌ನಲ್ಲೇ ಆ ಅಪ್‌ಗ್ರೇಡ್ ಸಕ್ರಿಯವಾಗಿರಬೇಕು. ವೃತ್ತಿಪರ ತಂಡಕ್ಕೆ ಅದು ಸರಿ. ನಾಲ್ಕು ಜನ ಹಂಚಿಕೊಂಡ ಸ್ವಿಫ್ಟ್‌ಗೆ ಅದು ದುಬಾರಿ ಗೆಳೆತನ. (ಕಾರೇ ಇಲ್ಲದವರಿಗೆ ಒಂದು ಮಾತು: ಅಸೆಟ್ಟೋ ಕೋರ್ಸಾ ಕಾಂಪಿಟಿಜಿಯೋನೆ ಅನ್ನೋ ಗೇಮ್ ಮೋಟೆಕ್ ಫೈಲನ್ನೇ ಬರೆಯುತ್ತೆ. ಗ್ರಾಫ್ ಓದೋದನ್ನ ಮನೆಯಲ್ಲೇ ಕೂತು ಕಲಿಯಬಹುದು.)

ಹಾಗಾಗಿ ಜೂನಿಯರ್‌ಗೆ ನಾನು ಹೇಳಿದ್ದು ಇಷ್ಟು. ಕೊಳ್ಳುವ ಮೊದಲು ಮಾರುವವನ ಹತ್ತಿರ ಒಂದು ಸ್ಯಾಂಪಲ್ ಫೈಲ್ ಕೇಳು. ಅದನ್ನ ಕಂಪನಿಯ ಸಾಫ್ಟ್‌ವೇರ್ ಇಲ್ಲದೆ, ಇಂಟರ್ನೆಟ್ ಆಫ್ ಮಾಡಿ, ತೆರೆದು ನೋಡು. ತೆರೆಯದಿದ್ದರೆ ಮುಂದಕ್ಕೆ ಹೋಗಬೇಡ. ಖಾತೆ ತೆರೆಯದೆ, ಕ್ಲೌಡ್‌ಗೆ ಹಾಕದೆ ಲ್ಯಾಪ್ ಡೌನ್‌ಲೋಡ್ ಆಗುತ್ತಾ ನೋಡು. ಸೆಕೆಂಡ್ ಹ್ಯಾಂಡ್ ಆದರೆ ಲೈಸೆನ್ಸ್ ಡಬ್ಬಿಗೆ ಅಂಟಿದೆಯೋ ಮನುಷ್ಯನಿಗೋ ಕೇಳು. ಈಗ 25 ಹರ್ಟ್ಜ್ ಜಿಪಿಎಸ್ ಮತ್ತು ಫೋನಿನ ಆ್ಯಪ್ ಸಾಕು, ಉಳಿದ ದುಡ್ಡಲ್ಲಿ ಟೈರ್ ಹಾಕಿಸು. ಬ್ರೇಕ್ ಪ್ರೆಷರ್ ಸೆನ್ಸರ್ ಬೇಕು ಅನ್ನಿಸಿದ ದಿನ ವೈರ್ ಇರುವ ಲಾಗರ್ ಬಗ್ಗೆ ಮಾತಾಡೋಣ.

"ಅಷ್ಟೇನಾ? ಡಿಸ್‌ಪ್ಲೇ ಇರಲ್ವಾ ಅಣ್ಣಾ?" ಅಂತ ಸ್ವಲ್ಪ ಬೇಜಾರು ಮಾಡ್ಕೊಂಡ. ನಾಲ್ಕನೇ ಲಿಂಕ್‌ನಲ್ಲಿದ್ದ ಬಣ್ಣದ ಡಿಸ್‌ಪ್ಲೇ ಅವನಿಗೆ ಬಹಳ ಇಷ್ಟ ಆಗಿತ್ತು ಅನ್ಸುತ್ತೆ.

ಹೋದ ಭಾನುವಾರ ರಾತ್ರಿ ಕೊಯಮತ್ತೂರಿನಿಂದ ವಾಪಸ್ ಬರ್ತಾ ಸಂಕಗಿರಿ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಎರಡು ಸಿಎಸ್‌ವಿ ಫೈಲ್ ಕಳಿಸಿದ. ಒಂದು ಅವನದು, ಇನ್ನೊಂದು ಆ ಬೇಗ ಬರುವ ಗೆಳೆಯನದು. ನಾನು ಲಿಬ್ರೆ ಆಫೀಸ್‌ನಲ್ಲಿ ತೆರೆದು ವೇಗದ ಗ್ರಾಫ್ ಎರಡನ್ನೂ ಒಂದರ ಮೇಲೊಂದು ಇಟ್ಟೆ. ಇವನು ಬ್ರೇಕ್ ತಡವಾಗಿ ಹಾಕ್ತಾನೆ, ಅದರಲ್ಲಿ ಹೆಮ್ಮೆ ಬೇರೆ. ಆದರೆ ಬ್ರೇಕ್ ಬಿಟ್ಟ ಮೇಲೆ ಆಕ್ಸಿಲರೇಟರ್ ಒತ್ತುವ ತನಕ ಎರಡು ತಿರುವುಗಳಲ್ಲಿ ಕಾರು ಸುಮ್ಮನೆ ಉರುಳ್ತಿತ್ತು. ವೇಗ ನಿಧಾನಕ್ಕೆ ಇಳಿಯುತ್ತಾ ಹೋಗುವ ಚಪ್ಪಟೆ ಗೆರೆ. ಒಂದೂವರೆ ಸೆಕೆಂಡಿನಲ್ಲಿ ಒಂಬತ್ತು ಹತ್ತಾಂಶ ಅಲ್ಲೇ ಇತ್ತು. ಉಳಿದ ಆರು ಹತ್ತಾಂಶ ಇನ್ನೂ ಸಿಕ್ಕಿಲ್ಲ. ಫೈಲ್ ನನ್ನ ಹತ್ತಿರ ಇದೆ, ಈ ವಾರ ಮತ್ತೆ ಕೂರ್ತೀವಿ.