ವ್ಯಾಪಾರ ಅಲ್ಲಿ, ಹಕ್ಕು ಎಲ್ಲಿ? – ದುಬೈ ವರ್ತಕರ ಬೇಗುದಿ

ದುಬೈ ಖಾಡಿಯ ದಡದ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಚಲಾವಣೆಯಲ್ಲಿದ್ದುದು ಭಾರತದ ರೂಪಾಯಿ. ಚಿನ್ನದ ಕಳ್ಳಸಾಗಣೆಯ ದಾರಿಯಲ್ಲಿ ವಿದೇಶಿ ವಿನಿಮಯ ಸೋರಿಹೋಗುತ್ತಿದ್ದುದನ್ನು ತಡೆಯಲು ರಿಸರ್ವ್ ಬ್ಯಾಂಕು 1959ರಲ್ಲಿ ಕೊಲ್ಲಿ ಪ್ರದೇಶಕ್ಕೆಂದೇ ಪ್ರತ್ಯೇಕ ನೋಟುಗಳನ್ನು ಹೊರಡಿಸಿತು. 1966ರ ಅಪಮೌಲ್ಯದ ಪೆಟ್ಟಿನೊಂದಿಗೆ ಆ ವ್ಯವಸ್ಥೆ ಅಲ್ಲಿ ಕೊನೆಗೊಂಡಿತು. ಸಂಯುಕ್ತ ಅರಬ್ ಸಂಸ್ಥಾನಗಳೆಂಬ ಒಕ್ಕೂಟ ಹುಟ್ಟಿದ್ದು 1971ರ ಡಿಸೆಂಬರ್‌ನಲ್ಲಿ; ಬರ್ ದುಬೈನ ಜವಳಿ ಪೇಟೆಯಲ್ಲಿ ಸಿಂಧಿ, ಗುಜರಾತಿ ವರ್ತಕರು ನೆಲೆಯೂರಿದ್ದು ಅದಕ್ಕೂ ಬಹಳ ಹಿಂದೆ. ತೈಲದ ಹಣ ಹರಿಯತೊಡಗಿದ ಮೇಲೆ ಉಡುಪಿ, ಮಂಗಳೂರು, ಭಟ್ಕಳದ ಕಡೆಯವರೂ ಅವರನ್ನು ಕೂಡಿಕೊಂಡರು. ಇಂದು ಅಲ್ಲಿರುವ ಭಾರತೀಯರ ಸಂಖ್ಯೆ 35 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಮೂರನೆಯ ತಲೆಮಾರಿನವರೂ ಇದ್ದಾರೆ. ಅಜ್ಜ ತೆರೆದ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಮೊಮ್ಮಗ ಕುಳಿತಿದ್ದರೂ, ಆ ದೇಶದ ಕಾನೂನಿನ ಕಣ್ಣಿನಲ್ಲಿ ಆತ ವಿಸಾದ ಅವಧಿ ಮುಗಿಯುವವರೆಗಿನ ನಿವಾಸಿ ಮಾತ್ರ.

ಪರದೇಶಕ್ಕೆ ದುಡಿಯಲು ಹೋದವರ ಗೊಣಗಾಟಕ್ಕೆ ವಾಣಿಜ್ಯ ಪತ್ರಿಕೆಯಲ್ಲೇಕೆ ಸ್ಥಳ ಎಂಬ ಪ್ರಶ್ನೆ ಏಳಬಹುದು. ರಾಜ್ಯದಿಂದ ಗೇರುಬೀಜ, ಕಾಫಿ, ಮಸಾಲೆ, ಊದುಬತ್ತಿ, ಸಿದ್ಧ ಉಡುಪು ಕಳುಹಿಸುವ ಸಣ್ಣ ರಫ್ತುದಾರನ ಖರೀದಿದಾರ ಅನೇಕ ವೇಳೆ ಇದೇ ವರ್ತಕ. ಸರಕು ಸಾಲದ ಮೇಲೆ ಹೋಗುತ್ತದೆ. ಆ ಸಾಲಕ್ಕೆ ನಿಜವಾದ ಭದ್ರತೆ ಆತನ ಲೈಸೆನ್ಸು, ಆತನ ವಿಸಾ ಮತ್ತು ಆತನ ಚೆಕ್ಕುಪುಸ್ತಕ. ಈ ಮೂರೂ ಎಷ್ಟು ಗಟ್ಟಿ ಎಂಬುದು ಇಲ್ಲಿನ ಹಣವಸೂಲಿಯ ಪ್ರಶ್ನೆಯೂ ಹೌದು.

ಶೇ. 51ರ ನೆರಳು

ದೇರಾದ ಅಲ್ ರಾಸ್ ಪೇಟೆಯಲ್ಲಿ ಸಗಟು ಅಂಗಡಿ ನಡೆಸುವ ಒಬ್ಬ ವರ್ತಕನನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಆತ 2000ನೇ ಇಸವಿಯ ಆಸುಪಾಸಿನಲ್ಲಿ ಕಂಪನಿ ಸ್ಥಾಪಿಸಿದ್ದರೆ ಅದರ ಶೇ. 51 ಪಾಲು ಸ್ಥಳೀಯ ಪ್ರಜೆಯೊಬ್ಬನ ಹೆಸರಿನಲ್ಲಿ ಇರಲೇಬೇಕಾಗಿತ್ತು. 1984ರ ಕಂಪನಿ ಕಾನೂನಿನ ವಿಧಿ ಅದು. ಬಂಡವಾಳ, ದುಡಿಮೆ, ನಷ್ಟ ಎಲ್ಲವೂ ಇವನದು. ಕಾಗದದ ಮೇಲೆ ಹೆಚ್ಚಿನ ಪಾಲು ಇನ್ನೊಬ್ಬನದು. ಆ ಪಾಲುದಾರನಿಗೆ ವರ್ಷಕ್ಕೊಮ್ಮೆ ನಿಗದಿತ ಮೊತ್ತ ಸಲ್ಲಿಸಿ, ಪ್ರತ್ಯೇಕ ಖಾಸಗಿ ಒಪ್ಪಂದವೊಂದನ್ನು ಬರೆಸಿಕೊಳ್ಳುವ ರೂಢಿ ಬೆಳೆಯಿತು. ಆ ಖಾಸಗಿ ಪತ್ರ ನ್ಯಾಯಾಲಯದ ಮುಂದೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ. ಬಹುಪಾಲು ಸಂಬಂಧಗಳು ಸೌಜನ್ಯದಿಂದಲೇ ನಡೆದವೆಂಬುದನ್ನೂ ಹೇಳಬೇಕು. ಆದರೆ ಪಾಲುದಾರ ತೀರಿಕೊಂಡರೆ ವಾರಸುದಾರರೆಲ್ಲರ ಒಪ್ಪಿಗೆಗಾಗಿ ಅಲೆಯುವ, ಲೈಸೆನ್ಸಿನ ನವೀಕರಣ ನಿಂತುಹೋಗುವ ಭಯ ಯಾವಾಗಲೂ ಬೆನ್ನ ಹಿಂದೆಯೇ ಇತ್ತು. ಜೆಬೆಲ್ ಅಲಿಯಲ್ಲಿ 1985ರಲ್ಲಿ ಮುಕ್ತ ವಲಯ ಆರಂಭವಾಗಿ ಪೂರ್ಣ ಒಡೆತನಕ್ಕೆ ದಾರಿ ಸಿಕ್ಕಿತಾದರೂ, ವಲಯದ ಗಡಿ ದಾಟಿ ಸ್ಥಳೀಯ ಮಾರುಕಟ್ಟೆಗೆ ನೇರವಾಗಿ ಮಾರುವ ಸ್ವಾತಂತ್ರ್ಯ ಅದರೊಂದಿಗೆ ಬರಲಿಲ್ಲ. ಬೀದಿಬದಿಯ ಅಂಗಡಿಯವನಿಗೆ ಅದರಿಂದ ಉಪಯೋಗವಾದದ್ದು ಅಷ್ಟಕ್ಕಷ್ಟೆ.

ಈ ನಿಯಮ ಸಡಿಲಗೊಂಡದ್ದು 2021ರ ಜೂನ್ 1ರಿಂದ. ಈಗ ಆಯಕಟ್ಟಿನ ಕೆಲವು ಕ್ಷೇತ್ರಗಳನ್ನು ಬಿಟ್ಟು ಉಳಿದ ಬಹುತೇಕ ವ್ಯಾಪಾರಗಳಲ್ಲಿ ವಿದೇಶೀಯರು ಪೂರ್ಣ ಒಡೆತನ ಪಡೆಯಬಹುದು. ಇದು ದೊಡ್ಡ ಬದಲಾವಣೆಯೇ. ಆದರೂ ಹಳೆಯ ಕಂಪನಿಗಳೆಲ್ಲ ತಾವಾಗಿಯೇ ಹೊಸ ರೂಪಕ್ಕೆ ಬರುವುದಿಲ್ಲ. ಕಾಗದದ ಮೇಲೆ ಶೇ. 51 ಹೊಂದಿರುವವನು ಸಹಿ ಹಾಕಿಕೊಟ್ಟಾಗಲೇ ಪಾಲು ವರ್ಗವಾಗುತ್ತದೆ. ಇಪ್ಪತ್ತು ವರ್ಷಗಳ ವಿಶ್ವಾಸಕ್ಕೆ ಕೊನೆಯ ಬೆಲೆ ಎಷ್ಟೆಂಬುದು ಆ ಸಹಿಯ ಹೊತ್ತಿನಲ್ಲಿ ತಿಳಿಯುತ್ತದೆ.

ಚೆಕ್ಕು ಮತ್ತು ಸೆರೆಮನೆ

ಅಲ್ಲಿನ ದಿನನಿತ್ಯದ ಬದುಕೇ ಮುಂದಿನ ದಿನಾಂಕದ ಚೆಕ್ಕುಗಳ ಮೇಲೆ ನಿಂತಿದೆ. ಮನೆಬಾಡಿಗೆ ತಿಂಗಳು ತಿಂಗಳು ಕೊಡುವ ಪದ್ಧತಿ ಅಪರೂಪ. ವರ್ಷದ ಬಾಡಿಗೆಯನ್ನು ಒಂದು, ಎರಡು ಅಥವಾ ನಾಲ್ಕು ಚೆಕ್ಕುಗಳಲ್ಲಿ ಮುಂಚಿತವಾಗಿ ಬರೆದುಕೊಡಬೇಕು. ಅಂಗಡಿ, ಗೋದಾಮು, ವಾಹನ ಎಲ್ಲಕ್ಕೂ ಇದೇ ಕ್ರಮ. ಇವುಗಳಲ್ಲಿ ಒಂದು ಹಿಂದಿರುಗಿದರೂ ಬಹುಕಾಲ ಅದು ಪೊಲೀಸ್ ಪ್ರಕರಣವಾಗುತ್ತಿತ್ತು. ವಂಚಿಸುವ ಉದ್ದೇಶವಿರದೆ, ಬರಬೇಕಾದ ಹಣ ಬಾರದೆ ಸಿಕ್ಕಿಬಿದ್ದವನೂ ಸೆರೆಮನೆ ಕಾಣುತ್ತಿದ್ದ. ಸೆರೆಯಲ್ಲಿದ್ದವನು ದುಡಿದು ಸಾಲ ತೀರಿಸುವುದೆಂತು ಎಂಬ ಸರಳ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿರಲಿಲ್ಲ. 2008–09ರ ಕುಸಿತದಲ್ಲಿ ವಿಮಾನ ನಿಲ್ದಾಣದ ಬಳಿ ಕಾರುಗಳನ್ನು ಬಿಟ್ಟು ಜನ ಊರಿಗೆ ಹಾರಿದ ಸುದ್ದಿ ಜಗತ್ತಿನೆಲ್ಲೆಡೆ ಪ್ರಕಟವಾಯಿತು. ಅದನ್ನು ಬರಿಯ ಮೋಸವೆಂದು ಬಗೆದವರು ಅದರ ಹಿಂದಿನ ದಿಗಿಲನ್ನು ಗಮನಿಸಲಿಲ್ಲ. ಹಾಗೆ ಓಡಿದವರಿಗೆ ಸರಕು ಪೂರೈಸಿದ ಇಲ್ಲಿನ ಕಾರ್ಖಾನೆಯವರ ಪಾಡನ್ನಂತೂ ಯಾವ ಪತ್ರಿಕೆಯೂ ಬರೆಯಲಿಲ್ಲ.

2022ರ ಜನವರಿ 2ರಿಂದ ಈ ವಿಷಯದಲ್ಲೂ ನಿಯಮ ಬದಲಾಗಿದೆ. ಖಾತೆಯಲ್ಲಿ ಹಣ ಸಾಲದೆ ಚೆಕ್ಕು ಹಿಂದಿರುಗುವುದು ಈಗ ಸಾಮಾನ್ಯವಾಗಿ ಅಪರಾಧವಲ್ಲ. ದುರುದ್ದೇಶದಿಂದ ಖಾತೆ ಮುಚ್ಚುವುದು, ಚೆಕ್ಕು ಖೋಟಾ ಮಾಡುವುದು ಮುಂತಾದವು ಮಾತ್ರ ಅಪರಾಧಗಳಾಗಿ ಉಳಿದಿವೆ. ಖಾತೆಯಲ್ಲಿರುವಷ್ಟು ಹಣವನ್ನು ಬ್ಯಾಂಕು ಭಾಗಶಃ ಪಾವತಿಸಬೇಕು. ಬಾಕಿಗಾಗಿ ಚೆಕ್ಕನ್ನೇ ಜಾರಿಪತ್ರವೆಂದು ಪರಿಗಣಿಸಿ ನೇರವಾಗಿ ಜಾರಿ ನ್ಯಾಯಾಧೀಶರ ಮುಂದೆ ಹೋಗಬಹುದು. ಆಸ್ತಿ ಜಪ್ತಿ, ದೇಶ ಬಿಡದಂತೆ ನಿರ್ಬಂಧ ಇವೆಲ್ಲ ಇನ್ನೂ ಸಾಧ್ಯ. ಚೆಕ್ಕು ಹಿಂದಿರುಗಿದರೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ 138ನೇ ಕಲಮು ಭಾರತದಲ್ಲಿ ಇಂದಿಗೂ ಉಳಿದಿರುವಾಗ, ಕಠೋರವೆಂದು ಹೆಸರಾದ ಆ ದೇಶ ಈ ವಿಷಯದಲ್ಲಿ ಮುಂದೆ ಸಾಗಿರುವುದು ಗಮನಾರ್ಹ.

ಊರಿಗೆ ಮರಳಿದರೆ ಸಾಲ ಬಿಟ್ಟಿತೆಂಬ ಹಳೆಯ ನಂಬಿಕೆಯೂ ಈಗ ನಡೆಯದು. 2020ರ ಜನವರಿಯಲ್ಲಿ ಭಾರತ ಸರ್ಕಾರ ಸಂಯುಕ್ತ ಅರಬ್ ಸಂಸ್ಥಾನಗಳನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಪರಸ್ಪರ ಮಾನ್ಯತೆಯ ಪ್ರದೇಶವೆಂದು ಘೋಷಿಸಿತು. ಅಲ್ಲಿನ ನ್ಯಾಯಾಲಯದ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ನೇರವಾಗಿ ಜಾರಿಗೊಳಿಸಲು ಇದರಿಂದ ಸಾಧ್ಯವಾಗಿದೆ. ಊರಿನಲ್ಲಿ ಕಟ್ಟಿಸಿದ ಮನೆಯ ಬಾಗಿಲಿಗೂ ದುಬೈನ ಸಾಲ ಬರಬಲ್ಲದು.

ಮಾತಿಲ್ಲದ ರಾಜಕೀಯ

ಜನಸಂಖ್ಯೆಯಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಮಂದಿ ಹೊರಗಿನವರಾಗಿರುವ ದೇಶದಲ್ಲಿ ರಾಜಕೀಯವೆಂದರೆ ಹೊರಗಿನವರು ಮಾತನಾಡದಿರುವ ವಿಷಯ. ಸಂಯುಕ್ತ ರಾಷ್ಟ್ರೀಯ ಮಂಡಳಿಯ 40 ಸದಸ್ಯರಲ್ಲಿ ಅರ್ಧದಷ್ಟು ಮಂದಿ 2006ರಿಂದ ಚುನಾಯಿತರಾಗುತ್ತಿದ್ದರೂ, ಮತದಾರರು ಪಟ್ಟಿಯಲ್ಲಿ ಸೇರಿಸಲ್ಪಟ್ಟ ಪ್ರಜೆಗಳು ಮಾತ್ರ. ಪಕ್ಷಗಳಿಲ್ಲ, ಕಾರ್ಮಿಕ ಸಂಘಗಳಿಲ್ಲ. ಬಾಡಿಗೆ ಏರಿತೆಂದೋ ಶುಲ್ಕ ಹೆಚ್ಚಿತೆಂದೋ ಬೀದಿಗಿಳಿಯುವ ಪ್ರಶ್ನೆಯೇ ಇಲ್ಲ. ಮೊಬೈಲಿನಲ್ಲಿ ಬರೆದ ಒಂದು ಸಾಲು ಕೆಲಸ ಕಳೆಯಬಲ್ಲದು. ದ್ವೇಷದ ಬರಹಗಳಿಗಾಗಿ ಹಲವು ಭಾರತೀಯರು ಉದ್ಯೋಗ ಕಳೆದುಕೊಂಡಾಗ, 2020ರ ಏಪ್ರಿಲ್‌ನಲ್ಲಿ ಅಲ್ಲಿನ ಭಾರತೀಯ ರಾಯಭಾರಿಯೇ ಬಹಿರಂಗವಾಗಿ ಎಚ್ಚರಿಕೆ ನೀಡಬೇಕಾಯಿತು.

ಹಾಗಾಗಿ ಕರಾಮದ ಉಪಾಹಾರ ಗೃಹಗಳಲ್ಲಿ ಚಹದೊಂದಿಗೆ ನಡೆಯುವ ರಾಜಕೀಯ ಚರ್ಚೆ ಊರಿನದೇ. ಆ ಊರಿನ ರಾಜಕೀಯದಲ್ಲಾದರೂ ಪಾಲಿದೆಯೇ? 2010ರ ತಿದ್ದುಪಡಿಯಿಂದ ಅನಿವಾಸಿ ಭಾರತೀಯರು ಮತದಾರರ ಪಟ್ಟಿಗೆ ಸೇರಬಹುದಾದರೂ, ತಮ್ಮ ಮತಗಟ್ಟೆಗೆ ಖುದ್ದಾಗಿ ಬಂದೇ ಮತ ಹಾಕಬೇಕು. ಪ್ರತಿನಿಧಿಯ ಮೂಲಕ ಮತ ಚಲಾಯಿಸುವ ಮಸೂದೆಗೆ 2018ರಲ್ಲಿ ಲೋಕಸಭೆ ಒಪ್ಪಿಗೆ ನೀಡಿತಾದರೂ ಮುಂದೆ ಅದು ಬಿದ್ದುಹೋಯಿತು. 2024ರ ಲೋಕಸಭಾ ಚುನಾವಣೆಯಲ್ಲಿ ನೋಂದಾಯಿತರಾಗಿದ್ದ ಸುಮಾರು 1.2 ಲಕ್ಷ ಸಾಗರೋತ್ತರ ಮತದಾರರಲ್ಲಿ ಬಂದು ಮತ ಹಾಕಿದವರು 3,000ಕ್ಕೂ ಕಡಿಮೆ.

ಎರಡೂ ಸರ್ಕಾರಗಳ ನಿರ್ಧಾರಗಳ ಬಿಸಿಯಾದರೋ ತಪ್ಪದೆ ತಟ್ಟುತ್ತದೆ. 2023ರ ಜುಲೈ 20ರಂದು ಭಾರತ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಎಂಟು ದಿನಗಳಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳು ಅಕ್ಕಿಯ ರಫ್ತು ಮತ್ತು ಮರುರಫ್ತನ್ನು ನಾಲ್ಕು ತಿಂಗಳ ಮಟ್ಟಿಗೆ ನಿಲ್ಲಿಸಿದವು. ಇಲ್ಲಿಂದ ತರಿಸಿ ಆಫ್ರಿಕಕ್ಕೆ ಕಳುಹಿಸುವ ದುಬೈ ವರ್ತಕನಿಗೆ ಒಳಬಾಗಿಲೂ ಹೊರಬಾಗಿಲೂ ಒಟ್ಟಿಗೇ ಮುಚ್ಚಿದವು. ಅದೇ ವರ್ತಕ 2022ರ ಮೇ 1ರಂದು ಜಾರಿಗೆ ಬಂದ ಉಭಯ ದೇಶಗಳ ಸಮಗ್ರ ಆರ್ಥಿಕ ಒಪ್ಪಂದದ ಸುಂಕ ವಿನಾಯಿತಿಯನ್ನು ನೆಚ್ಚಿ ಗೋದಾಮು ಹಿಗ್ಗಿಸಿದ್ದಿರಬಹುದು. 2023–24ರಲ್ಲಿ ಎರಡು ದೇಶಗಳ ನಡುವಿನ ವ್ಯಾಪಾರ ಸುಮಾರು 8,300 ಕೋಟಿ ಡಾಲರ್ ಮುಟ್ಟಿದ್ದು ನಿಜ. ಅಂಥ ಮೊತ್ತದ ಲೆಕ್ಕದಲ್ಲಿ ಒಂದು ಗೋದಾಮಿನ ಕಥೆ ಕಾಣಿಸುವುದಿಲ್ಲ.

ದಿನಗಳ ಎಣಿಕೆ

ಸಂಸಾರಸ್ಥನ ಚಿಂತೆಗಳು ಬೇರೆ. ವಿದೇಶೀಯರ ಮಕ್ಕಳಿಗೆ ಖಾಸಗಿ ಶಾಲೆಯೇ ಗತಿ. ದುಬೈನ ಬಾಡಿಗೆ ತಾಳಲಾರದೆ ಶಾರ್ಜಾದಲ್ಲಿ ಮನೆ ಮಾಡಿದರೆ ದಿನವೂ ವಾಹನದಟ್ಟಣೆಯಲ್ಲಿ ಗಂಟೆಗಳು ಕಳೆಯುತ್ತವೆ. 2007ರಲ್ಲಿ ನಾಲ್ಕು ದಿರ್ಹಮ್‌ನಿಂದ ಆರಂಭವಾದ ರಸ್ತೆಸುಂಕ 2025ರಿಂದ ದಟ್ಟಣೆಯ ವೇಳೆಗೆ ಆರು ದಿರ್ಹಮ್ ಆಗಿದೆ. ಶಾಲೆಗೆ ಬೇಸಿಗೆ ರಜೆ ಬರುವ ಜುಲೈನಲ್ಲಿ ಮಂಗಳೂರಿನ ವಿಮಾನದ ದರ ಕೇಳಿದರೆ ಊರಿನ ಆಸೆಯೇ ಬತ್ತಿಹೋಗುತ್ತದೆ. ತೆರಿಗೆಯಿಲ್ಲದ ನಾಡೆಂಬ ಖ್ಯಾತಿಯೂ ಹಳೆಯದಾಯಿತು. 2018ರಿಂದ ಶೇ. 5 ಮೌಲ್ಯವರ್ಧಿತ ತೆರಿಗೆ ಇದೆ. 2023ರ ಜೂನ್‌ನಿಂದ, 3,75,000 ದಿರ್ಹಮ್ ಮೀರಿದ ವ್ಯಾಪಾರ ಲಾಭದ ಮೇಲೆ ಶೇ. 9 ತೆರಿಗೆ. ಸಂಬಳದ ಮೇಲೆ ಇನ್ನೂ ಇಲ್ಲ. ಲೆಕ್ಕಪುಸ್ತಕವನ್ನು ಬೆರಳೆಣಿಕೆಯಲ್ಲೇ ಮುಗಿಸುತ್ತಿದ್ದ ಸಣ್ಣ ಅಂಗಡಿಯವನು ಈಗ ಲೆಕ್ಕಪರಿಶೋಧಕನನ್ನು ಹುಡುಕುತ್ತಿದ್ದಾನೆ.

ದಿನಗಳನ್ನು ಎಣಿಸುವುದಂತೂ ಎರಡೂ ಕಡೆ ತಪ್ಪಿದ್ದಲ್ಲ. ಸಾಮಾನ್ಯ ವಿಸಾದವನು ಆರು ತಿಂಗಳಿಗೂ ಹೆಚ್ಚು ಹೊರಗಿದ್ದರೆ ವಾಸದ ಪರವಾನಗಿ ಕೈತಪ್ಪುತ್ತದೆ. ಇತ್ತ, ಭಾರತದಲ್ಲಿ 15 ಲಕ್ಷ ರೂಪಾಯಿಗೂ ಹೆಚ್ಚು ಆದಾಯವಿರುವ ಅನಿವಾಸಿಗೆ, 2020ರ ಹಣಕಾಸು ಕಾಯಿದೆಯ ಅನ್ವಯ, ಊರಿನಲ್ಲಿ ಉಳಿಯಬಹುದಾದ 182 ದಿನಗಳ ಮಿತಿ 120ಕ್ಕೆ ಇಳಿದಿದೆ. ಮುಪ್ಪಿನ ತಾಯಿಯ ಆರೈಕೆಗೆ ಬಂದವನೂ ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತಾ ಕೂರಬೇಕು. 2019ರಲ್ಲಿ ಬಂದ ಗೋಲ್ಡನ್ ವಿಸಾ ಹತ್ತು ವರ್ಷಗಳ ನೆಮ್ಮದಿ ನೀಡುತ್ತದೆ, ನಿಜ. ಆದರೆ ಆಸ್ತಿಯ ದಾರಿಯಲ್ಲಿ ಅದನ್ನು ಪಡೆಯಲು 20 ಲಕ್ಷ ದಿರ್ಹಮ್ ಮೌಲ್ಯದ ಆಸ್ತಿ ಬೇಕು. ಉಳಿದವರಿಗೆ ಎರಡು ವರ್ಷಕ್ಕೊಮ್ಮೆ ಅದೇ ವೈದ್ಯಕೀಯ ತಪಾಸಣೆ, ಅದೇ ಟೈಪಿಂಗ್ ಸೆಂಟರಿನ ಸರದಿ. ಅಲ್ಲಿಯೇ ಹುಟ್ಟಿ ಬೆಳೆದ ಮಗ 2022ರವರೆಗೆ ಓದುತ್ತಿದ್ದರೂ 21ಕ್ಕೆ ತಂದೆಯ ವಿಸಾದಿಂದ ಹೊರಬೀಳುತ್ತಿದ್ದ. ಆ ವರ್ಷದ ಸುಧಾರಣೆಯಿಂದ, ಮದುವೆಯಾಗದ ಮಗನಿಗೆ ಆ ವಯಸ್ಸು 25 ಆಗಿದೆ.

ಇಂಥ ಖರೀದಿದಾರನೊಡನೆ ವ್ಯವಹರಿಸುವ ರಾಜ್ಯದ ರಫ್ತುದಾರರು ಮೊದಲ ಸರಕಿಗೂ ಮುನ್ನ ಕೆಲವು ಕಾಗದಗಳನ್ನು ಕೇಳಿ ಪಡೆಯುವುದು ಲೇಸು. ಚಾಲ್ತಿಯಲ್ಲಿರುವ ಟ್ರೇಡ್ ಲೈಸೆನ್ಸಿನ ಪ್ರತಿ, ಅದರ ಮುಕ್ತಾಯ ದಿನಾಂಕ, ಪಾಲುದಾರರ ಹೆಸರು ಮತ್ತು ಪಾಲು, ಸಹಿ ಮಾಡುವ ಅಧಿಕಾರ ಯಾರದೆಂಬುದು. ನೆಂಟಸ್ತಿಕೆಯ ಸಲುಗೆಯಲ್ಲಿ ಇವನ್ನು ಕೇಳಲು ಹಿಂಜರಿಯುವವರೇ ಹೆಚ್ಚು. ಕೇಳಿದರೆ ಅಲ್ಲಿನ ಅನುಭವಸ್ಥ ವರ್ತಕ ಬೇಸರಿಸುವುದಿಲ್ಲ, ಆತನ ಬ್ಯಾಂಕೂ ಮನೆಮಾಲೀಕನೂ ಪ್ರತಿವರ್ಷ ಕೇಳುವುದು ಇದನ್ನೇ. 90 ದಿನಗಳ ಸಾಲ ನೀಡುವಾಗ ಲೈಸೆನ್ಸಿಗೆ ಉಳಿದಿರುವ ಅವಧಿ 60 ದಿನಗಳಾದರೆ ನವೀಕರಣದ ಪ್ರತಿ ಬರುವವರೆಗೆ ಎರಡನೆಯ ಸರಕನ್ನು ತಡೆಹಿಡಿಯಬಹುದು. ಮೊತ್ತ ದೊಡ್ಡದಿದ್ದಲ್ಲಿ ಎಲ್‌ಸಿ, ಇಲ್ಲವಾದರೆ ಇಸಿಜಿಸಿ ವಿಮೆ. ದುಬೈ ಚೆಕ್ಕನ್ನು ಭದ್ರತೆಯಾಗಿ ಪಡೆಯುವವರು, ಅದರ ಮೇಲಿರುವುದು ಕಂಪನಿಯ ಖಾತೆಯೋ ವ್ಯಕ್ತಿಯ ಖಾತೆಯೋ ಎಂಬುದನ್ನು ನೋಡಿಯೇ ಪಡೆಯಬೇಕು.