ಮೂರು ಗ್ರಾಂ ಹಿಕ್ಕೆ

ಆನೆಯದು ಲದ್ದಿ, ಕಾಟಿಯದು ಸಗಣಿ, ಜಿಂಕೆಯದು ಹಿಕ್ಕೆ. ಕನ್ನಡ ಇವನ್ನು ಎಂದೂ ಕಲಸಿಲ್ಲ. ಮೃಗಾಲಯದ ಪ್ರಾಣಿಪಾಲಕರು ಇನ್ನೂ ಒಂದು ಹೆಜ್ಜೆ ಮುಂದೆ. ಬೆಳಿಗ್ಗೆ ಆವರಣ ಗುಡಿಸುವ ಮುನ್ನ ಹಸಿ ಹಿಕ್ಕೆ ಹುಡುಕಿ, ಮಣ್ಣು ತಾಗದವನ್ನಷ್ಟೇ ಆಯ್ದು ಡಬ್ಬಿಗೆ ಹಾಕಿ, ತಾರೀಖು ಬರೆದು, ಜಂತುಹುಳದ ಮೊಟ್ಟೆ ಎಣಿಸಲು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಡಬ್ಬಿಯನ್ನು ಬೆಚ್ಚಗಿನ ಜಾಗದಲ್ಲಿ ಮರೆತರೆ ಆ ಮೊಟ್ಟೆ ಒಡೆದು ಮರಿ ಹೊರಬಂದಿರುತ್ತದೆ, ಲೆಕ್ಕ ಕೆಟ್ಟಂತೆಯೇ.

ಜಿಂಕೆ ಕಾಯಿಲೆ ತೋರಿಸಿಕೊಳ್ಳುವ ಪ್ರಾಣಿಯಲ್ಲ. ತೋರಿಸಿಕೊಂಡದ್ದು ಕಾಡಿನಲ್ಲಿ ಹೆಚ್ಚು ದಿನ ಉಳಿಯುವುದೂ ಇಲ್ಲ. ದವಡೆಯ ಕೆಳಗೆ ನೀರುಬಾವು ಕಾಣುವ ಹೊತ್ತಿಗೆ ಹುಳಗಳು ಸಾಕಷ್ಟು ರಕ್ತ ಹೀರಿರುತ್ತವೆ. ಹಾಗಾಗಿ ಹಿಕ್ಕೆಯನ್ನೇ ಕೇಳಬೇಕು. ಮೂರು ಗ್ರಾಂ ತೂಗಿ, 42 ಮಿ.ಲೀ. ಗಟ್ಟಿ ಉಪ್ಪುನೀರಿನಲ್ಲಿ ಕದಡಿ, ಸೋಸುತ್ತಾರೆ. ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಹಾಕಿ ಜೊಳ್ಳು ತೇಲಿಸುವ ರೈತರ ಉಪಾಯವೇ ಇದು. ಅಲ್ಲಿ ತೇಲಿದ್ದನ್ನು ಎಸೆಯುತ್ತಾರೆ, ಇಲ್ಲಿ ತೇಲಿದ್ದೇ ಬೇಕು.

ಸೋಸಿದ ನೀರು ಮ್ಯಾಕ್‌ಮಾಸ್ಟರ್ ಸ್ಲೈಡಿಗೆ ಹೋಗುತ್ತದೆ. ಗೆರೆ ಕೊರೆದ ಎರಡು ಪುಟ್ಟ ಕೋಣೆ, ತಲಾ 0.15 ಮಿ.ಲೀ. ಕಂಡ ಒಂದು ಮೊಟ್ಟೆಗೆ, ಗ್ರಾಂ ಹಿಕ್ಕೆಯಲ್ಲಿ ಐವತ್ತು ಎಂದು ಲೆಕ್ಕ. ಎರಡೂ ತುದಿಗೆ ಬಿರಡೆ ಹಾಕಿದ ನಿಂಬೆಹಣ್ಣಿನಂತಿದ್ದರೆ ಅದು ಚಾಟಿಹುಳದ್ದು. ಚಪ್ಪಟೆ ಹುಳದ ಮೊಟ್ಟೆ ಮಾತ್ರ ಭಾರ, ತೇಲುವುದಿಲ್ಲ. ಅದಕ್ಕೆ ಬರಿನೀರಿನ ತಳ ನೋಡಬೇಕು. ಮೈಸೂರು ಮೃಗಾಲಯ ಶುರುವಾದ 1892ರಲ್ಲಿ ಈ ಸ್ಲೈಡ್ ಇರಲಿಲ್ಲ. ಇದನ್ನು ಬಳಸಿ ಎಣಿಸುವ ಪದ್ಧತಿಯನ್ನು 1939ರಲ್ಲಿ ಆಸ್ಟ್ರೇಲಿಯಾದ ಗಾರ್ಡನ್ ಮತ್ತು ವಿಟ್‌ಲಾಕ್ ಪ್ರಕಟಿಸಿದರು, ಅದೂ ಕುರಿಗಳಿಗಾಗಿ.

ಕುರಿಯ ಶತ್ರುವೇ ಜಿಂಕೆಗೂ ಶತ್ರು. ಹೀಮಾಂಕಸ್ ಎಂಬ ಹುಳ ನಾಲ್ಕನೆಯ ಹೊಟ್ಟೆಯ ಗೋಡೆಗೆ ಅಂಟಿ ರಕ್ತ ಕುಡಿಯುತ್ತದೆ. ಹೆಣ್ಣುಹುಳ ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿಗಳು ಇಬ್ಬನಿಯ ತೇವ ಹಿಡಿದು ಹುಲ್ಲೆಸಳು ಹತ್ತುತ್ತವೆ. ಕಾಡಿನ ಹಿಂಡಾದರೆ ಮೇಯುತ್ತಾ ಮುಂದೆ ಸಾಗೀತು. ಬೇಲಿಯೊಳಗಿನದು ನಿನ್ನೆ ಹಿಕ್ಕೆ ಹಾಕಿದಲ್ಲೇ ಇವತ್ತು ಮೇಯಬೇಕು. ಜಿರಾಫೆಯ ಪಾಡು ಇನ್ನೂ ವಿಚಿತ್ರ. ಮರದ ತುದಿಯ ಎಲೆ ಮೇಯುವ ಅಷ್ಟುದ್ದ ಕತ್ತಿನ ಪ್ರಾಣಿ, ಕಾಲು ಅಗಲಿಸಿ ನೆಲದ ಹುಲ್ಲಿಗೆ ಬಾಯಿ ಹಾಕಿದರೆ ಈ ಹುಳ ತಪ್ಪಿದ್ದಲ್ಲ. ಅದರ ಮೇವನ್ನು ಎತ್ತರಕ್ಕೆ ಕಟ್ಟುವುದು ಬರೀ ನೋಡುಗರ ಖುಷಿಗಲ್ಲ.

ಎಣಿಸುವುದು ಸುಲಭ, ಔಷಧ ಕುಡಿಸುವುದು ಕಷ್ಟ. ಕೃಷ್ಣಮೃಗವನ್ನು ಹಿಡಿಯಹೋದರೆ ಗಾಬರಿಗೇ ಸತ್ತೀತು. ಔಷಧವನ್ನು ಮೇವಿನಲ್ಲೇ ಬೆರೆಸಬೇಕು. ಕೊಂಬಿನ ದೊಡ್ಡ ಗಂಡು ಮೊದಲು ಬಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಔಷಧ ಬೇಕಾದ ಬಡಕಲು ಹೆಣ್ಣಿಗೆ ತಳದ ಪುಡಿ. ಅರೆಬರೆ ಔಷಧ ಕುಡಿದೂ ಬದುಕಿದ ಹುಳಗಳೇ ಮುಂದೆ ಆ ಔಷಧಕ್ಕೆ ಜಗ್ಗದ ಸಂತತಿ ಬೆಳೆಸುತ್ತವೆ. ಲೆಕ್ಕ ನೋಡದೆ ತಾರೀಖು ನೋಡಿ ಎಲ್ಲಕ್ಕೂ ಔಷಧ ಹಾಕುವ ರೂಢಿ ನನಗಂತೂ ಸರಿಕಾಣದು.

ಔಷಧ ಕೊಟ್ಟ ಎರಡು ವಾರಕ್ಕೆ ಮತ್ತೆ ಡಬ್ಬಿ, ಮತ್ತೆ ಉಪ್ಪುನೀರು. ಮೊಟ್ಟೆಗಳ ಲೆಕ್ಕ ಶೇ 95ರಷ್ಟಾದರೂ ಇಳಿದಿರಬೇಕು. ಇಳಿಯದಿದ್ದರೆ ಔಷಧ ಬದಲಿಸುವ ಮುನ್ನ ವೈದ್ಯರು ಪಾಲಕರನ್ನು ಕರೆದು ಕೇಳುತ್ತಾರೆ: “ಆವತ್ತು ಬಾನಿಗೆ ಮೊದಲು ಬಾಯಿ ಹಾಕಿದ್ದು ಯಾರು?”