ಕೊಳವೆ ಯಾರದು, ಹೆಸರು ಯಾರದು?

“ರಾಕೆಟ್ ಕಂಡುಹಿಡಿದವನು ಟಿಪ್ಪು ಸುಲ್ತಾನನೋ, ಇಂಗ್ಲೆಂಡಿನ ಕಾಂಗ್ರೀವನೋ?” ಧರ್ಮಪುರಿ ಜಿಲ್ಲೆಯ ಕಾರಿಮಂಗಲದಿಂದ ಹೈಸ್ಕೂಲು ಹುಡುಗಿಯೊಬ್ಬಳು ಬರೆದು ಕೇಳಿದ್ದಾಳೆ. ಇಬ್ಬರೂ ಅಲ್ಲ, ಮಗು. ಚೀನಾದವರು 13ನೇ ಶತಮಾನದಲ್ಲೇ ರಾಕೆಟ್ ಹಾರಿಸಿದ್ದರು. ನಮ್ಮ ಕಡೆಯ ಮಾತೇ ಹೇಳುವುದಾದರೆ, ಟಿಪ್ಪುವಿನ ತಾತ ಫತೇ ಮಹಮ್ಮದ್ ಆರ್ಕಾಟಿನ ನವಾಬನ ಸೈನ್ಯದಲ್ಲಿ ರಾಕೆಟ್ಟಿನವರ ತುಕಡಿಗೆ ನಾಯಕನಾಗಿದ್ದ. ಆದರೂ ನಿನ್ನ ಪ್ರಶ್ನೆಯನ್ನು ಅಷ್ಟಕ್ಕೇ ಬಿಡುವಂತಿಲ್ಲ. ಮೈಸೂರಿನವರು ಮಾಡಿದ ಒಂದು ಕೆಲಸ ಲೋಕದಲ್ಲಿ ಅಲ್ಲಿಯವರೆಗೆ ಯಾರಿಗೂ ಅಷ್ಟು ಚೆನ್ನಾಗಿ ಕೈಹತ್ತಿರಲಿಲ್ಲ. ಅದರ ರುಚಿ ನಿಮ್ಮ ಸೀಮೆಗೂ ಗೊತ್ತಿತ್ತು. ಕಾರಿಮಂಗಲ, ಕೃಷ್ಣಗಿರಿ, ಕಾವೇರಿಪಟ್ಟಣಂ ಎಲ್ಲ ಸೇರಿದ ಬಾರಾಮಹಲು 1792ರ ಶ್ರೀರಂಗಪಟ್ಟಣ ಒಪ್ಪಂದದವರೆಗೂ ಹೈದರ್-ಟಿಪ್ಪುವಿನ ಕೈಯಲ್ಲೇ ಇತ್ತು.

ಆ ಕೆಲಸ ಮದ್ದಿನದಲ್ಲ. ಪೆಟ್ಲುಪ್ಪು, ಗಂಧಕ, ಇದ್ದಿಲು ಮೂರನ್ನೂ ಅರೆದು ಬೆರೆಸುವುದು ಅಂದಿಗೆ ಎಲ್ಲರಿಗೂ ತಿಳಿದಿದ್ದ ವಿದ್ಯೆ. ಗುಟ್ಟು ಇದ್ದದ್ದು ಕೊಳವೆಯಲ್ಲಿ. ಯೂರೋಪಿನವರು ರಟ್ಟು ಸುತ್ತಿ ರಾಕೆಟ್ ಮಾಡುತ್ತಿದ್ದರು. ದೀಪಾವಳಿಗೆ ನಾವು ಹಚ್ಚುವ ರಾಕೆಟ್ ಇಂದಿಗೂ ಆ ಜಾತಿಯದೇ. ಮೈಸೂರಿನ ಕಮ್ಮಾರರು ಕಬ್ಬಿಣದ ತಗಡನ್ನು ಬಡಿದು ಸುರುಳಿ ಮಾಡಿ ಕೊಳವೆ ಕಟ್ಟಿದರು.

ಇದರಿಂದ ಏನಾಯಿತು ನೋಡಿ. ಕರಿಮದ್ದಿಗೆ ಒಂದು ಚಾಳಿಯಿದೆ: ಸುತ್ತಲಿನ ಒತ್ತಡ ಹೆಚ್ಚಿದಷ್ಟೂ ಅದು ಬೇಗಬೇಗ ಉರಿಯುತ್ತದೆ. ಬೇಗ ಉರಿದರೆ ಅನಿಲ ಹೆಚ್ಚು, ಅನಿಲ ಹೆಚ್ಚಿದರೆ ಒತ್ತಡ ಇನ್ನೂ ಹೆಚ್ಚು. ಹಿಂಬದಿಯ ಬಾಯಿ ಕಿರಿದಾದಷ್ಟೂ ಅನಿಲ ರಭಸದಿಂದ ಹೊರಬಿದ್ದು ಕೊಳವೆಯನ್ನು ಮುಂದಕ್ಕೆ ನೂಕುತ್ತದೆ. ಹಾಗೆಂದು ರಟ್ಟಿನ ಕೊಳವೆಗೆ ಬಾಯಿ ಕಿರಿದು ಮಾಡಿದರೆ ಅದು ನಿಂತಲ್ಲೇ ಢಮಾರ್. ಆದ್ದರಿಂದ ರಟ್ಟಿನವನು ಬಾಯಿ ಅಗಲವಾಗಿಯೇ ಬಿಡಬೇಕು, ಮದ್ದನ್ನು ಅಳೆದು ಸುರಿಯಬೇಕು, ರಾಕೆಟ್ ಹತ್ತಿರದಲ್ಲೇ ಬೀಳುವುದನ್ನು ಒಪ್ಪಿಕೊಳ್ಳಬೇಕು. ಕಬ್ಬಿಣದವನಿಗೆ ಆ ಭಯವಿಲ್ಲ. ಗಟ್ಟಿಯಾಗಿ ತುಂಬಬಹುದು, ಬಾಯಿ ಬಿಗಿಯಬಹುದು. ವಿನೋದಕ್ಕೆ ಹಾರುವ ಬಾಣಕ್ಕೂ ಸೈನ್ಯವನ್ನು ಚದುರಿಸುವ ಬಾಣಕ್ಕೂ ಇರುವ ವ್ಯತ್ಯಾಸವೆಲ್ಲ ಆ ತಗಡಿನ ಬಿಗುವಿನಲ್ಲಿದೆ.

ಇಂಥ ಎರಡು ರಾಕೆಟ್ಟುಗಳು ಲಂಡನ್ನಿನ ವೂಲ್ವಿಚ್‌ನ ಫಿರಂಗಿದಳ ವಸ್ತುಸಂಗ್ರಹಾಲಯ ಸೇರಿದ್ದವು. ಬೆಂಗಳೂರಿನ ವಿಮಾನವಿಜ್ಞಾನಿ ರೊದ್ದಂ ನರಸಿಂಹ 1985ರ ತಮ್ಮ ಪ್ರಬಂಧದಲ್ಲಿ ಅವುಗಳ ಅಳತೆ ಕೊಟ್ಟಿದ್ದಾರೆ. ಒಂದರ ಕೊಳವೆ ಸುಮಾರು 58 ಮಿಲಿಮೀಟರ್ ದಪ್ಪ, 254 ಮಿಲಿಮೀಟರ್ ಉದ್ದ. ಅದನ್ನು ಚರ್ಮದ ಪಟ್ಟಿಯಿಂದ ಒಂದು ಮೀಟರಿಗೆ ತುಸು ಮೀರಿದ ನೇರ ಕತ್ತಿಯ ಅಲಗಿಗೆ ಬಿಗಿದಿದ್ದಾರೆ. ಇನ್ನೊಂದು 37 ಮಿಲಿಮೀಟರ್ ದಪ್ಪ, 198 ಮಿಲಿಮೀಟರ್ ಉದ್ದ, ಅದಕ್ಕೆ 1.9 ಮೀಟರಿನ ಬಿದಿರು ಗಳ. ಅಂದರೆ ಕೊಳವೆಗಿಂತ ಗಳವೇ ಹತ್ತಿರ ಹತ್ತಿರ ಹತ್ತು ಪಟ್ಟು ಉದ್ದ!

ಇಷ್ಟುದ್ದದ ಗಳ ಏಕೆ? ಗಾಳಿಪಟಕ್ಕೆ ಬಾಲಂಗೋಚಿ ಏಕೆ ಬೇಕೋ ಅದಕ್ಕೇ. ರಾಕೆಟ್ಟಿನ ಮೂತಿ ಅತ್ತಿತ್ತ ವಾಲಿದ ಕ್ಷಣ ಎದುರುಗಾಳಿ ಹಿಂದೆ ಚಾಚಿಕೊಂಡ ಗಳದ ಮೇಲೆ ಬಿದ್ದು ಅದನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ನಮ್ಮ ಬೀದಿಯ ಹುಡುಗರು ಕಡ್ಡಿ ಮುರಿದ ರಾಕೆಟ್ ಹಚ್ಚಿದಾಗ ಅದು ನೆಲದ ಮೇಲೆ ಹುಚ್ಚೆದ್ದು ಹರಿದಾಡಿ ಯಾರದೋ ಜಗಲಿಗೆ ನುಗ್ಗುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ಯಾರೂ ಪರೀಕ್ಷೆ ಮಾಡಬೇಡಿ, ನನ್ನ ಮಾತು ನಂಬಿ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಝಾಡಿಸಲೇಬೇಕು. ರಾಕೆಟ್ಟಿನ ಹೊಗೆ ಹಿಂದಿನ ಗಾಳಿಯನ್ನು ತಳ್ಳುವುದರಿಂದ ಅದು ಮುಂದಕ್ಕೆ ಹೋಗುತ್ತದೆ ಎಂದು ಪಾಠ ಹೇಳುವವರೇ ಹೇಳುವುದನ್ನು ಕೇಳಿದ್ದೇನೆ. ಹಾಗೇನಿಲ್ಲ. ಅನಿಲವನ್ನು ಹಿಂದಕ್ಕೆ ಎಸೆಯುವ ಕ್ರಿಯೆಯೇ ಕೊಳವೆಯನ್ನು ಮುಂದಕ್ಕೆ ಒದೆಯುತ್ತದೆ. ಗಾಳಿ ಇದ್ದರೆ ಅದು ಅಡ್ಡಿ ಮಾಡುವುದೇ ಹೆಚ್ಚು. ಈ ತಪ್ಪು ದೊಡ್ಡವರನ್ನೂ ಬಿಟ್ಟಿಲ್ಲ. ನಿರ್ವಾತದಲ್ಲಿ ರಾಕೆಟ್ ಹಾರುತ್ತದೆ ಎಂದ ಅಮೆರಿಕದ ರಾಬರ್ಟ್ ಗೊಡಾರ್ಡ್‌ಗೆ ಹೈಸ್ಕೂಲಿನ ಭೌತಶಾಸ್ತ್ರವೂ ಗೊತ್ತಿಲ್ಲವೆಂದು 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಲೇವಡಿ ಮಾಡಿತ್ತು. ಪತ್ರಿಕೆ ತಿದ್ದುಪಡಿ ಹಾಕಿದ್ದು 1969ರ ಜುಲೈ 17ರಂದು. ಅಷ್ಟು ಹೊತ್ತಿಗೆ ಅಪೋಲೋ 11 ಚಂದ್ರನ ದಾರಿಯಲ್ಲಿತ್ತು, ಗೊಡಾರ್ಡ್ ತೀರಿಕೊಂಡು 24 ವರ್ಷವಾಗುತ್ತಾ ಬಂದಿತ್ತು.

ಇನ್ನು ಕಾಂಗ್ರೀವ್. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿಯ ಮದ್ದಿನ ಬಂಡಿಗಳು ಸಿಡಿದು ಆತನ ಪಡೆ ಮೈಸೂರಿನವರೆದುರು ಮಣ್ಣುಮುಕ್ಕಿದಾಗ ಕಾಂಗ್ರೀವನಿಗೆ ಎಂಟು ವರ್ಷ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿನ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಕಾಂಗ್ರೀವನ ತಂದೆ ವೂಲ್ವಿಚ್‌ನ ಮದ್ದುಗುಂಡು ಪ್ರಯೋಗಾಲಯದ ಮೇಲ್ವಿಚಾರಕ. ಮಗನಿಗೆ ಪ್ರಯೋಗಕ್ಕೆ ಜಾಗ ಮನೆಯಲ್ಲೇ ಇದ್ದಂತೆ. 1804ರಲ್ಲಿ ಲಂಡನ್ನಿನ ಬಾಣಗಾರರಿಂದ ಸಿಕ್ಕ ಅತಿ ದೊಡ್ಡ ರಾಕೆಟ್ಟುಗಳನ್ನು ತನ್ನ ದುಡ್ಡಿನಲ್ಲೇ ಕೊಂಡು ಹಾರಿಸಿದ. ಅವು 600 ಗಜ ದಾಟಲಿಲ್ಲ. ಭಾರತದವು ಸಾವಿರ ಗಜ ಹೋಗುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ಮದ್ದಿನ ಪಾಕ, ಕೊಳವೆಯ ಅಳತೆ, ಗಳದ ಉದ್ದ ಒಂದೊಂದನ್ನೇ ಬದಲಿಸುತ್ತಾ, ಒಂದೊಂದನ್ನೂ ಬರೆದಿಡುತ್ತಾ ಹೋದ. ಕೊನೆಗೆ ಅವನೂ ಕಬ್ಬಿಣದ ಕೊಳವೆಗೇ ಬಂದ. ಅವನ 32 ಪೌಂಡಿನ ರಾಕೆಟ್ 3000 ಗಜದಷ್ಟು ದೂರ ಹಾರಿತು. 1807ರಲ್ಲಿ ಕೋಪನ್‌ಹೇಗನ್ ಉರಿಸಿದ್ದು, 1814ರಲ್ಲಿ ಬಾಲ್ಟಿಮೋರ್ ಕೋಟೆಯ ಮೇಲೆ ಬಿದ್ದು ಅಮೆರಿಕದ ರಾಷ್ಟ್ರಗೀತೆಯನ್ನೂ ಹೊಕ್ಕದ್ದು ಇವೇ.

ಕಾಂಗ್ರೀವ್ ವಿಚಿತ್ರ ಮನುಷ್ಯ. ಗೋಲಿಯೊಂದು ವಾಲುವ ಹಿತ್ತಾಳೆ ತಟ್ಟೆಯ ಮೇಲೆ ಅಂಕುಡೊಂಕಾಗಿ ಉರುಳಾಡಿ ಸಮಯ ತೋರಿಸುವ ಗಡಿಯಾರವನ್ನೂ 1808ರಲ್ಲಿ ಮಾಡಿದ. ನೋಡಲು ಕಣ್ಣಿಗೆ ಹಬ್ಬ, ಸಮಯ ಮಾತ್ರ ಸರಿಯಿರುವುದಿಲ್ಲ. ಪಾರ್ಲಿಮೆಂಟಿಗೆ ಆಯ್ಕೆಯಾಗಿ, ಗಣಿ ಕಂಪನಿಯೊಂದರ ವಂಚನೆ ಪ್ರಕರಣದಲ್ಲಿ ಸಿಕ್ಕಿ ಫ್ರಾನ್ಸಿಗೆ ಹೋಗಿ, 1828ರಲ್ಲಿ ತುಲೂಸ್ ನಗರದಲ್ಲಿ ತೀರಿಕೊಂಡ. ರಾಕೆಟ್ಟಿನ ಗಳವನ್ನು ಕಿತ್ತೊಗೆಯುವುದು ಅವನಿಂದಾಗಲಿಲ್ಲ. 1844ರಲ್ಲಿ ವಿಲಿಯಂ ಹೇಲ್ ಅನಿಲವನ್ನು ಓರೆಯಾಗಿ ಬಿಟ್ಟು ರಾಕೆಟ್ಟನ್ನೇ ಗಿರಗಿರ ತಿರುಗಿಸಿದ. ರೈಫಲ್ಲಿನ ನಳಿಗೆಯೊಳಗಿನ ಸುರುಳಿ ಗೀರು ಗುಂಡನ್ನು ತಿರುಗಿಸಿ ಗುರಿ ನಿಲ್ಲಿಸುವುದೂ ಇದೇ ಉಪಾಯದಿಂದ. ವಿಪರ್ಯಾಸವೆಂದರೆ, ಅದೇ ಗೀರು ಹೊತ್ತ ಫಿರಂಗಿಗಳು ಬಂದು ಯುದ್ಧಭೂಮಿಯಿಂದ ರಾಕೆಟ್ಟನ್ನು ಓಡಿಸಿದವು.

ಹಾಗಾದರೆ ಹೆಸರು ಕಾಂಗ್ರೀವನಿಗೆ ಸಂದದ್ದು ಅನ್ಯಾಯವೇ? ಪೂರ್ತಿ ಅಲ್ಲ ಎಂಬುದು ನನ್ನ ಲೆಕ್ಕ. ಅವನು ಕದ್ದ ಎಂದು ಎದೆ ಬಡಿದುಕೊಳ್ಳುವುದು ಸುಲಭ. ಆದರೆ ಅವನು ತನ್ನ ಪ್ರಯೋಗಗಳನ್ನು ಅಚ್ಚು ಹಾಕಿಸಿದ. ಮೊದಲ ಕೊಳವೆ ಬಡಿದ ನಮ್ಮ ಕಮ್ಮಾರನ ಹೆಸರು ಹೇಳುವ ಒಂದು ಚೂರು ಕಾಗದವೂ ನಮ್ಮಲ್ಲಿ ಉಳಿದಿಲ್ಲ. ಉಳಿದಿರುವುದು ಕಬ್ಬಿಣ ಮಾತ್ರ. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹೈದರ್ 1763ರಲ್ಲಿ ಗೆದ್ದ ಹಳೆಯ ಬಿದನೂರಿನಲ್ಲಿ, ಒಣಬಾವಿಯ ಮಣ್ಣು ತೆಗೆದಾಗ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ಮಣ್ಣಿಗೆ ಮದ್ದಿನ ವಾಸನೆಯಿತ್ತಂತೆ.

ನಿಂಬೆಹಣ್ಣು, ಕುಂಕುಮ ಹಿಡಿದು ಅಮಾವಾಸ್ಯೆಯ ರಾತ್ರಿ ಕೋಟೆ ಅಗೆಯುವ ನಿಧಿಗಳ್ಳರಿಗೆ ಇಂಥ ಕಬ್ಬಿಣವೇ ನಿಜವಾದ ನಿಧಿ ಎಂದು ಹೇಳುವವರು ಯಾರು? ಕೊಪ್ಪರಿಗೆ ಹೊನ್ನನ್ನು ಸರ್ಪ ಕಾಯುತ್ತದೆ ಎಂದು ನಂಬಿ, ಗುದ್ದಲಿಗೆ ಸಿಕ್ಕ ತುಕ್ಕು ಕೊಳವೆಯನ್ನು ಗುಜರಿಗೆ ಹಾಕುವ ಮೂರ್ಖತನಕ್ಕೆ ಮದ್ದಿಲ್ಲ. ಮಗು, ನೀನು ಕೃಷ್ಣಗಿರಿ, ರಾಯಕೋಟೆಯ ಬೆಟ್ಟಗಳ ಕಡೆ ಹೋದಾಗ ಗೇಣುದ್ದದ, ಒಂದು ಬದಿ ಮುಚ್ಚಿದ ಹಳೆಯ ಕಬ್ಬಿಣದ ಕೊಳವೆ ಕಣ್ಣಿಗೆ ಬಿದ್ದರೆ ಮುಟ್ಟಬೇಡ, ಬಡಿಯಬೇಡ; ಒಳಗೆ ಮದ್ದು ಇರಬಹುದು. ಜಾಗ ಗುರುತಿಟ್ಟು ತಾಲ್ಲೂಕು ಕಚೇರಿಗೆ ತಿಳಿಸು. ನೀನು ಕಂಡದ್ದನ್ನು ತಾರೀಖು ಹಾಕಿ ಬರೆದಿಡುವುದನ್ನೂ ಮರೆಯಬೇಡ.